ಮಾದವ್ವನ ಹಾಜರಿ

ಮಾದವ್ವ ಬಡಿಸುವಾಗ ನಮ್ಮ ತಟ್ಟೆ ನೋಡುತ್ತಿರಲಿಲ್ಲ, ಮುಖ ನೋಡುತ್ತಿದ್ದಳು. ಸತ್ಯಮಂಗಲದ ರಸ್ತೆಯಲ್ಲಿ, ಕಾಡಿನಂಚಿನ ನಮ್ಮ ಸರ್ಕಾರಿ ಹೈಸ್ಕೂಲಿನಲ್ಲಿ ಬಿಸಿಯೂಟದ ಅಡುಗೆ ಅವಳದು. ಪೂರ್ತಿ ಹೆಸರು ಪುಟ್ಟಮಾದಮ್ಮ. ಓದು ಬರಹ ಬಾರದು. ಆದರೂ ಯಾವ ಹುಡುಗಿ ಎಷ್ಟು ದಿನದಿಂದ ಬಂದಿಲ್ಲ ಎಂಬುದು ಮೇಷ್ಟ್ರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. "ಉಪ್ಪು ಕಮ್ಮಿ ಆದ್ರೆ ಯೋಳ್ರಮ್ಮಿ, ಎಚ್ಚಾದ್ರೆ ಸುಮ್ನೆ ಉಣ್ಣಿ" ಎಂದು ನಗುತ್ತಲೇ ಸಾಲಿನುದ್ದಕ್ಕೂ ಕಣ್ಣಾಡಿಸುವಳು. ಮೂರು ದಿನ ಕಾಣದಿದ್ದವಳ ಮನೆಗೆ ಸಂಜೆ ತಾನೇ ನಡೆದುಹೋಗುವಳು.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಅಪ್ಪ ನನ್ನನ್ನು ಗುಂಡ್ಲುಪೇಟೆ ಕಡೆಯ ಸೋದರತ್ತೆಯ ಮಗನಿಗೆ ಕೊಡುವುದೆಂದು ಮಾತಾಡಿ ಶಾಲೆ ಬಿಡಿಸಿದರು. ನಾಲ್ಕನೇ ದಿನ ಮಾದವ್ವ ಬಂದಳು. ಸೀರೆಯಲ್ಲಿ ಇನ್ನೂ ಒಗ್ಗರಣೆಯ ವಾಸನೆಯಿತ್ತು. ಜಗಲಿಯಲ್ಲಿ ಅರಿಸಿನದ ಕೊಂಬು ಬೇರ್ಪಡಿಸುತ್ತಿದ್ದ ಅಪ್ಪ ಅವಳಿಗೆ ಕೂರಲು ಹೇಳಿ, ಇದು ನಮ್ಮ ಮನೆಯ ವಿಚಾರ, ನೀನು ಅಡುಗೆ ನೋಡಿಕೋ ಎಂದರು. ಅವಳು ಜಗಳ ಮಾಡಲಿಲ್ಲ. ಕೂತು, ತಾನೂ ಕೊಂಬು ಬೇರ್ಪಡಿಸುತ್ತ ಹೇಳಿದಳು.

"ನಾನೂ ಇಂಗೇ ಅಂದಿದ್ದೆ ಕಣಪ್ಪ. ನನ್ ಮಗ್ಳು ರತ್ನನ ಒಂಬತ್ನೇ ಕ್ಲಾಸಲ್ಲೇ ಬುಡ್ಸಿ ಮದ್ವೆ ಮಾಡ್ಬುಟ್ಟೆ. ಟೀಚರಮ್ಮ ಮನೆಗಂಟ ಬಂದ್ರು, ನಾನು ಬಾಗ್ಲು ತೆಗೀನಿಲ್ಲ. ಒರ್ಸ ತುಂಬ್ನಿಲ್ಲ, ಎರಿಗೇಲಿ ಓಗ್ಬುಟ್ಳು. ಮೊಗೀನೂ ಉಳೀನಿಲ್ಲ."

ಒಳಗೆ ಒಲೆಯ ಮುಂದಿದ್ದ ನನ್ನವ್ವ ಹೊರಗೆ ಬಂದು, ನಾಳೆ ಇವಳನ್ನು ಶಾಲೆಗೆ ಕಳಿಸುತ್ತೇನೆ ಎಂದಳು. ಅಪ್ಪನ ಮಾತಿಗೆ ಎದುರಾಗಿ ಅವಳು ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಎಸ್ಸೆಸ್ಸೆಲ್ಸಿ ಪಾಸಾಗಿ ಅಂಕಪಟ್ಟಿ ತೋರಿಸಲು ಹೋದರೆ, ಮಾದವ್ವ ಸೆರಗಿನಲ್ಲಿ ಕೈ ಒರೆಸಿಕೊಂಡು, ನಿನ್ನ ಹೆಸರು ಎಲ್ಲಿದೆ ತೋರಿಸು ಎಂದಳು. ತೋರಿಸಿದೆ. ಬಹಳ ಹೊತ್ತು ನೋಡಿದಳು.

ನಾನು ಓದಿ, ಗುಂಡ್ಲುಪೇಟೆ ತಾಲೂಕಿನ ಹೈಸ್ಕೂಲೊಂದಕ್ಕೆ ಟೀಚರಾದೆ. ಅಷ್ಟರಲ್ಲಿ ಮಾದವ್ವನಿಗೆ ವಯಸ್ಸಾಯಿತೆಂದು ಕೆಲಸದಿಂದ ಬಿಡಿಸಿದ್ದರು. ನೆನಪು ಹೋಗುತ್ತಿದೆ, ಉಡಿಗಾಲದ ತಮ್ಮನ ಮನೆಯಲ್ಲಿದ್ದಾಳೆ ಎಂದು ಕೇಳಿ, ಒಂದು ಶನಿವಾರ ಶಾಲೆ ಮುಗಿಸಿ ಹಾಗೇ ಬಸ್ಸು ಹತ್ತಿದೆ. ಬಾಗಿಲಲ್ಲಿ ನಿಂತ ನನ್ನನ್ನೂ ಹೆಗಲ ಮೇಲಿನ ಬ್ಯಾಗನ್ನೂ ನೋಡಿದಳು. ಮುಖ ಅರಳಿತು.

"ರತ್ನ, ಇಸ್ಕೂಲ್ ಬುಡ್ತಾ?"

ಇವರು ರತ್ನ ಅಲ್ಲ ಎಂದು ತಿದ್ದಲು ಅವಳ ತಮ್ಮ ಬಾಯಿ ತೆರೆದರು. ನಾನು ಬೇಡವೆಂದು ಕೈಸನ್ನೆ ಮಾಡಿದೆ.

"ಬುಡ್ತು ಕಣವ್ವ."

"ನಾಳೀಕೂ ಓಗು ಕಣಮ್ಮಿ. ನಾನು ಬುಡ್ಸಕಿಲ್ಲ."

ಹೋಗುತ್ತೇನೆ ಎಂದೆ. ಅವಳ ಪಕ್ಕದಲ್ಲಿ ಕೂತು, ಆ ದಿನ ಏನೇನು ಪಾಠವಾಯಿತೆಂದು ಒಂದೊಂದಾಗಿ ಹೇಳಿದೆ. ಕೈ ಹಿಡಿದುಕೊಂಡೇ ಕೇಳಿದಳು.

ಹದಿನೈದು ದಿನಕ್ಕೆ ತೀರಿಕೊಂಡಳು. ಮಣ್ಣಿಗೆ ಹೋದೆ. ಎಲ್ಲ ಮುಗಿದ ಮೇಲೆ ಅವಳ ತಮ್ಮ ಹತ್ತಿರ ಬಂದು ಮೆಲ್ಲಗೆ ಹೇಳಿದರು.

"ನೀವು ಬಂದೋದ್ಮೇಕೆ, ಬಂದೋರ್ಗೆಲ್ಲ ಒಂದೇ ಮಾತು ಕಣವ್ವ. ನನ್ ಮಗ್ಳು ಇಸ್ಕೂಲ್ಗೆ ಓಯ್ತಾವ್ಳೆ ಅಂತ."