ಟಿಕೀಟು ಕೇಳಿದ ಡಾಕ್ಟರು

ವಾಡಿಯ ರೈಲ್ವೆ ಡಾಕ್ಟರರ ಬಿಳಿ ಪ್ಯಾಂಟಿನ ಮೊಣಕಾಲುಗಳ ಮೇಲೆ ಸದಾ ಎರಡು ಕಪ್ಪು ಗುರುತು. ಎಲೆ ಅಡಿಕೆಯಿಂದ ತುಟಿ ಕೆಂಪಾದ, ಸಣ್ಣದಕ್ಕೂ ರೇಗುವ ದಪ್ಪ ಮನುಷ್ಯ. ದವಾಖಾನೆಯಲ್ಲಿ ಮೇಜು ಕುರ್ಚಿ ಇದ್ದೂ ಅವರು ಪ್ಲಾಟ್‌ಫಾರ್ಮಿನ ಮಸಿಯಲ್ಲಿ ಏಕೆ ಮೊಣಕಾಲೂರುತ್ತಾರೆಂದು ನನಗೆ ತಿಳಿದದ್ದು ರಾವೂರ ಗಣಿಯಲ್ಲಿ ಅಣ್ಣನ ಮೇಲೆ ಕಲ್ಲು ಬಿದ್ದ ದಿನ.

ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ಬಂದಿದ್ದೆ. ಅಣ್ಣ ಗಣಿಯ ಮುಕಾದಮ, ಆಳುಗಳ ಮೇಸ್ತ್ರಿ. ಇಬ್ಬರೂ ಮಾತಾಡುತ್ತ ನಿಂತಿದ್ದಾಗಲೇ ಹಾಸುಗಲ್ಲಿನ ರಾಶಿ ಜಾರಿತು. ನನ್ನ ಅಂಗಿ ಸವರಿಕೊಂಡು ಹೋದ ಕಲ್ಲು ಅವನ ಕಾಲಿನ ಮೇಲೆ ಬಿತ್ತು. ಆ ಸದ್ದು ಈಗಲೂ ನನ್ನನ್ನು ಕುಳಿತಲ್ಲಿ ಕೂರಗೊಡುವುದಿಲ್ಲ. ಅವನನ್ನು ನಾನು ಮಾತಿಗೆ ನಿಲ್ಲಿಸದಿದ್ದರೆ?

ಅವನನ್ನು ಮಲಗಿಸಿದ ಬಂಡಿಯನ್ನು ನೇರ ವಾಡಿಗೆ, ಡಾಕ್ಟರರ ಮನೆಗೆ ಹೊಡೆಸಿದೆ. ಅವರು ಕಟ್ಟೆಯ ಮೇಲಿಂದಲೇ ಟವೆಲು ಎಸೆದರು.

“ತೊಡಿಗಿ ಬಿಗದು ಕಟ್ರಿ. ಟಿಕೀಟ್ ಎಲ್ಲದ?”

“ಯಾ ಟಿಕೀಟ್ರೀ? ಮನಷ್ಯಾ ಸಾಯ್ಲಿಕತ್ತಾನ!”

“ಶಹಾಬಾದಿಗಿ ಒಂದು ತಗೋರಿ. ಪ್ಲಾಟ್‌ಫಾರ್ಮಿನ ಮ್ಯಾಲ ಮಲಗಸ್ರಿ. ಇಲ್ಲಿ ಬರೇ ನೋಡಬೋದು, ಅಲ್ಲಿ ಕೈ ಹಚ್ಚಬೋದು. ಬಿ.ಎ. ಓದೀರಂತ, ಇಷ್ಟ ತಿಳಿಯಂಗಿಲ್ಲ?”

ಕಟುಕನೆಂದು ಬೈಯುತ್ತಲೇ ಓಡಿದೆ. ರೈಲ್ವೆಯ ಔಷಧ ನೌಕರರಿಗೆ, ಪ್ರಯಾಣಿಕರಿಗೆ ಮಾತ್ರ. ಹೊರಗಿನವರಿಗೆ ಕೊಟ್ಟರೆ ಡಾಕ್ಟರರ ನೌಕರಿಯೇ ಹೋಗುತ್ತಿತ್ತು. ನಾನು ಟಿಕೀಟು ಹಿಡಿದು ಬರುವಷ್ಟರಲ್ಲಿ ಅವರು ಅಣ್ಣನ ಪಕ್ಕ ಮೊಣಕಾಲೂರಿ ಕುಳಿತಿದ್ದರು.

ಕಾಲು ಕತ್ತರಿಸಲೇಬೇಕಿತ್ತು. ಕ್ಲೋರೋಫಾರ್ಮ್ ಕೊಡಲು ಇನ್ನೊಬ್ಬ ಡಾಕ್ಟರು ಬೇಕು. ಸ್ಟೇಷನ್ನಿನಿಂದ ತಂತಿ ಹೋಯಿತು. ಚಿತ್ತಾಪುರದ ಸರ್ಕಾರಿ ಡಾಕ್ಟರು ಗೂಡ್ಸ್ ಗಾಡಿಯ ಇಂಜಿನ್ನಿನಲ್ಲಿ ನಿಂತು ಬಂದಿಳಿದರು, ಮುಖವೆಲ್ಲ ಮಸಿ.

“ನಿಮ್ಮ ರೈಲ್ವೆ ನನಗೇನು ಕೊಡ್ತದೋ?”

“ಹೊಗಿ ಕುಡಿಸ್ಯದಲ್ಲ, ಸಾಲದೇನು? ಮುಯ್ಯಿಗಿ ನಾ ಬರ್ತೀನಿ, ನಡಿ.”

ಒಬ್ಬರ ಪಗಾರ ರೈಲ್ವೆಯದು, ಇನ್ನೊಬ್ಬರದು ನಿಜಾಮ ಸರ್ಕಾರದ್ದು. ಒಬ್ಬರಿಗೊಬ್ಬರು ನೆರವಾದರೆ ಕಾಸು ಕೊಡುವವರು ಯಾರೂ ಇರಲಿಲ್ಲ. ಒಕ್ಕಲಿಗರು ಒಬ್ಬರ ಹೊಲದಲ್ಲೊಬ್ಬರು ದುಡಿದು ತೀರಿಸುವ ಮುಯ್ಯಿಯನ್ನೇ ಇವರೂ ಇಟ್ಟುಕೊಂಡಿದ್ದರು. ವೇಟಿಂಗ್ ರೂಮಿನ ಮೇಜಿನ ಮೇಲೆ ಅಣ್ಣನ ಕಾಲು ಹೋಯಿತು, ಜೀವ ಉಳಿಯಿತು.

ಫೀಸು ಕೊಡಲು ಹೋದರೆ ಡಾಕ್ಟರು ರೇಗಿದರು. “ರೊಕ್ಕ ಒಳಗಿಡ್ರಿ. ಅದರಾಗ ಆತಗ ಕಟಗಿ ಕಾಲು ಮಾಡಸ್ರಿ.”

ಆ ಮಳೆಗಾಲ ಚಿತ್ತಾಪುರದಲ್ಲಿ ಕಾಲರಾ ಹಬ್ಬಿತು. ಸರ್ಕಾರಿ ಡಾಕ್ಟರು ಒಂಟಿಯಾಗಿ ಸೋತುಹೋಗಿದ್ದರು. ನಮ್ಮ ಡಾಕ್ಟರು ರಜೆ ಹಾಕಿ ಹೋದವರು ತಾವೇ ಕಾಲರಾಕ್ಕೆ ಸಿಕ್ಕರು. ಜೀವಂತ ತಿರುಗಿ ಬರಲಿಲ್ಲ. ಮಣ್ಣು ಕೊಟ್ಟ ದಿನ ಸರ್ಕಾರಿ ಡಾಕ್ಟರು ನನ್ನ ಹೆಗಲು ಹಿಡಿದು ಹೇಳಿದರು:

“ನಾ ಬರಬ್ಯಾಡ ಅಂದಿದ್ದೆ. ‘ರಾವೂರ ಹುಡುಗನ ಕಾಲಿನ ಮುಯ್ಯಿ ಉಳದದ’ ಅಂತ ಹಟ ಹಿಡದು ಬಂದ.”

ಅಣ್ಣ ಊರುಗೋಲು ಒರಗಿಸಿ ಕುಳಿತಾಗಲೆಲ್ಲ ಅವರ ಸುದ್ದಿ ತೆಗೆಯುತ್ತಾನೆ. “ಅವರು ಇರಬೇಕಿತ್ತಲೇ ತಮ್ಮಾ. ಏನರ ಮಾಡಿ ಋಣ ತೀರಸ್ತಿದ್ದೆ.”

ನಾನು ಎದ್ದು ಅಂಗಳಕ್ಕೆ ಹೋಗುತ್ತೇನೆ. ಅವರು ಚಿತ್ತಾಪುರಕ್ಕೆ ಯಾರ ಸಲುವಾಗಿ ಹೋದರೆಂದು ಅವನಿಗೆ ಇನ್ನೂ ಹೇಳಿಲ್ಲ.