ಮೂಗಯ್ಯನವರು ಓದಿದ ಸಮಾಧಿ ಹಲಗೆ

ನಮ್ಮ ಕೆಸರೆಯಲ್ಲಿ ಡಾಕ್ಟರ ಚೀಟಿ ಅರ್ಥವಾಗದಿದ್ದರೆ ಮೆಡಿಕಲ್ ಸ್ಟೋರಿನವರು ಡಾಕ್ಟರಿಗೆ ಫೋನ್ ಮಾಡುವುದಿಲ್ಲ, ಮೂಗಯ್ಯನವರ ಮನೆಗೆ ಕಳಿಸುತ್ತಾರೆ. ಮೂವತ್ತಾರು ವರ್ಷ ಅಂಚೆಯಲ್ಲಿ ಕಾಗದ ವಿಂಗಡಿಸಿ ನಿವೃತ್ತರಾದವರು ಅವರು. ಕೋಳಿ ಕೆದಕಿದಂತಿರುವ ಬರಹವನ್ನೂ ಓದಿಬಿಡುತ್ತಾರೆ. ಓದಿದ ಮೇಲೆ ಬರೆದವರ ಸ್ವಭಾವ ಎಂಥದ್ದು ಎಂದೂ ಹೇಳುತ್ತಾರೆ. ಅದನ್ನು ಯಾರೂ ಕೇಳಿರುವುದಿಲ್ಲ.

ನಾನು ಮನೋಹರ, ಅವರ ಎದುರುಮನೆಯವನು. ರಸ್ತೆ ತುದಿಯಲ್ಲಿ ಝೆರಾಕ್ಸ್ ಮತ್ತು ಫ್ಲೆಕ್ಸ್ ಅಂಗಡಿ ಇಟ್ಟಿದ್ದೇನೆ. ನನ್ನ ಬೋರ್ಡಿನಲ್ಲಿ ಒಂದು ಒತ್ತಕ್ಷರ ತಪ್ಪಿದೆ ಎಂದು ಮೂಗಯ್ಯನವರು ಹನ್ನೊಂದು ವರ್ಷದಿಂದ ಹೇಳುತ್ತಿದ್ದಾರೆ. ಅವರಿಗೆ ಎಪ್ಪತ್ತೊಂದು ವಯಸ್ಸು. ಒಪ್ಪವಾಗಿ ಇಸ್ತ್ರಿ ಮಾಡಿದ ಅರ್ಧ ತೋಳಿನ ಶರಟು, ಜೇಬಿನಲ್ಲಿ ಭೂತಗನ್ನಡಿ. ತಪ್ಪು ಹುಡುಕುವುದು ಅವರಿಗೆ ಕೆಲಸವಲ್ಲ, ಆರೋಗ್ಯ. ತಪ್ಪು ಒಪ್ಪಿಕೊಂಡದ್ದನ್ನು ಮಾತ್ರ ಅವರ ಹೆಂಡತಿ ಚಿಕ್ಕಮಾದಮ್ಮ ಕೂಡ ನಲವತ್ತೈದು ವರ್ಷದಲ್ಲಿ ನೋಡಿರಲಿಲ್ಲ.

ಕಳೆದ ವರ್ಷ ಬೇಸಿಗೆಯಲ್ಲಿ ಮಾಲವಿಕಾ ಎಂಬ ಹೆಂಗಸು ಅವರನ್ನು ಹುಡುಕಿಕೊಂಡು ಬಂದರು. ಯಾದವಗಿರಿಯವರು, ಕಾಲೇಜಿನಲ್ಲಿ ಪಾಠ ಹೇಳುತ್ತಾರೆ. ಅವರ ತಾತ ಎರಡನೇ ಮಹಾಯುದ್ಧದಲ್ಲಿ ಮಿಲಿಟರಿ ಡಾಕ್ಟರಾಗಿದ್ದರಂತೆ. ತಾತನ ಬೀರು ಖಾಲಿ ಮಾಡುವಾಗ ಒಂದು ಫೋಟೋ ಸಿಕ್ಕಿತ್ತು. ಬರ್ಮಾ ಗಡಿಯ ಬೆಟ್ಟದ ಮಗ್ಗುಲು, ಒಂದು ದೊಡ್ಡ ಮರ, ಅದರ ಕೆಳಗೆ ಹೊಸ ಮಣ್ಣಿನ ಮೂರು ಗುಡ್ಡೆ, ಒಂದೊಂದರ ತಲೆಯ ಕಡೆ ಒಂದೊಂದು ಮರದ ಹಲಗೆ. ಹಿಂದುಗಡೆ ಪೆನ್ಸಿಲಿನಲ್ಲಿ, ನಮ್ಮ ಸೀಮೆಯ ಮೂವರು, ರಸ್ತೆ ಕೆಲಸದ ತುಕಡಿ, ಜ್ವರ, ೧೯೪೪ ಎಂದಷ್ಟೇ ಬರೆದಿತ್ತು.

"ಮನೆಯವರಿಗೆ ಈ ಫೋಟೋ ತಲುಪಿಸೋಣ ಅಂತ ಆಸೆ ಸರ್," ಎಂದರು ಮಾಲವಿಕಾ. "ಮೊದಲನೇ ಹಲಗೆ ಚೆನ್ನಾಗಿ ಕಾಣುತ್ತೆ. ರೇವಣಸಿದ್ದ, ನಂಜನಗೂಡು. ಅವರ ತಮ್ಮನ ಮೊಮ್ಮಗ ಸಿಕ್ಕಿದ್ದಾನೆ. ಉಳಿದೆರಡು ನನ್ನ ಕೈಲಿ ಆಗಲಿಲ್ಲ."

ಮೂಗಯ್ಯನವರು ಭೂತಗನ್ನಡಿ ತೆಗೆದರು, ಶಾಲು ಹೊದಿಸಿಕೊಳ್ಳುವವರ ಗಾಂಭೀರ್ಯದಿಂದ. ನಡುವಿನ ಹಲಗೆಯ ಬಣ್ಣ ಕಿತ್ತುಹೋಗಿತ್ತು. ಮೂರನೆಯದರಲ್ಲಿ ಇಂಗ್ಲಿಷಿನ ದಪ್ಪ ಅಕ್ಷರದಲ್ಲಿ ಜವರಯ್ಯ ಎಂಬ ಹೆಸರು, ಪಕ್ಕದಲ್ಲಿ ಸೈನಿಕನ ನಂಬರಿನಲ್ಲಿ ಅಳಿಯದೆ ಉಳಿದ ಕೊನೆಯ ಮೂರು ಅಂಕಿ, ನಾಲ್ಕು ಒಂದು ಏಳು. ಅದರ ಕೆಳಗೆ ಕೆ, ಇ, ಎಸ್. ಆಮೇಲೆ ಎಲೆಯ ನೆರಳು, ನೆರಳು ದಾಟಿ ಒಂದು ಆರ್. ಇನ್ನೂ ಕೆಳಗೆ ಮಸುಕಾದ ಮೂರು ಅಕ್ಷರ.

ಐದು ನಿಮಿಷವೂ ಆಗಿರಲಿಲ್ಲ, ಕನ್ನಡಿ ಕೆಳಗಿಟ್ಟರು. "ಕೆಸರೆ. ಕೊನೇ ಇ ಅಳಿಸಿಹೋಗಿದೆ. ಕೆಳಗಿರೋದು ವಿ, ಐ, ಎಲ್. ವಿಲೇಜು. ಕೆಸರೆ ಗ್ರಾಮದ ಜವರಯ್ಯ. ನಮ್ಮೂರಿನೋನೇ ಕಣಮ್ಮ."

ಅವತ್ತು ಸಂಜೆಯೊಳಗೆ ಸುದ್ದಿ ಎಲ್ಲ ಬೀದಿ ಸುತ್ತಿತು. ಸುತ್ತಿಸಿದವರು ಮೂಗಯ್ಯನವರೇ. ಎಂಬತ್ತು ವರ್ಷ ಯಾರಿಗೂ ಗೊತ್ತಿರದ ವೀರಯೋಧ ಕೆಸರೆಗೆ ಸಿಕ್ಕಿಬಿಟ್ಟಿದ್ದ. ಅವನ ಮನೆಯವರು ಯಾರು ಎಂದು ಕೇಳಿದರೆ ಮಾತ್ರ ಯಾರಿಗೂ ತಿಳಿಯದು. "ವಂಶ ಇಲ್ದೆ ಹೋಗಿರಬಹುದು," ಎಂದರು ಮೊದಲ ದಿನ. ಮೂರನೇ ದಿನ, "ನಮ್ಮ ತಾತನ ಕಡೆಯೋನು ಇರಬಹುದು," ಎಂದರು.

"ಮೊನ್ನೆಗಂಟ ಇಲ್ದಿದ್ದ ತಾತ," ಎಂದು ಚಿಕ್ಕಮಾದಮ್ಮ ಬೆಳ್ಳುಳ್ಳಿ ಬಿಡಿಸುತ್ತಾ ಹೇಳಿದರು.

ಮುಂದಿನ ಭಾನುವಾರ ಸಮುದಾಯ ಭವನದ ಮುಂದೆ ಸಣ್ಣ ಸಭೆ ಎಂದಾಯಿತು. ಫ್ಲೆಕ್ಸ್ ಮಾಡಿದವನು ನಾನೇ. 'ಕೆಸರೆಯ ಹೆಮ್ಮೆಯ ಯೋಧ ಜವರಯ್ಯ' ಎಂದು ಮೇಲೆ, ಸಮಾಧಿಯ ಫೋಟೋ ನಡುವೆ. ಯೋಧನ ಮುಖದ ಫೋಟೋ ಇರಲಿಲ್ಲವಾದ್ದರಿಂದ ಜಾಗ ಖಾಲಿ ಉಳಿಯಿತು. ಖಾಲಿ ಬಿಟ್ಟರೆ ಚೆನ್ನಾಗಿರುವುದಿಲ್ಲ ಎಂದು ಮೂಗಯ್ಯನವರು ತಮ್ಮ ಫೋಟೋ ಕೊಟ್ಟರು. ಕೆಳಗೆ 'ಶೋಧಿಸಿದವರು' ಎಂದು ಹಾಕಿದೆ, ಅಕ್ಷರ ಸ್ವಲ್ಪ ಚಿಕ್ಕದಾಯಿತು. ಬೆಳಿಗ್ಗೆ ಕಟ್ಟಿದ ಫ್ಲೆಕ್ಸ್ ನೋಡಿ ಹತ್ತು ಗಂಟೆಗೆಲ್ಲ ಇಬ್ಬರು ಹಾರ ತಂದುಬಿಟ್ಟಿದ್ದರು. ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಯಾವಾಗ ಹೋಗ್ಬುಟ್ರು? ಮೊನ್ನೆ ನನ್ನ ಗ್ಯಾಸ್ ಬುಕ್ಕು ಓದಿಕೊಟ್ಟಿದ್ರು," ಎಂದು ಕಣ್ಣು ಒರೆಸಿಕೊಂಡರು.

ಸಭೆಯಲ್ಲಿ ಮೂಗಯ್ಯನವರು ನಲವತ್ತು ನಿಮಿಷ ಮಾತಾಡಿದರು. ಅದರಲ್ಲಿ ಮೂವತ್ತು ನಿಮಿಷ ಅಂಚೆಯ ವಿಚಾರ. ಮುಗಿದ ಮೇಲೆ ಲಾಡು ಹಂಚುವಾಗ ಮಂಗಳಮ್ಮ ಎಂಬ ವಯಸ್ಸಾದ ಹೆಂಗಸು ಅವರ ಹತ್ತಿರ ಬಂದಿತು. ಎಂಬತ್ತೆರಡು ದಾಟಿದೆ, ನಮ್ಮ ಹಿಂದಿನ ನಾಲ್ಕನೇ ಬೀದಿ, ಮೊಮ್ಮಗ ಸಂಜಯ್ ಆಟೋ ಓಡಿಸುತ್ತಾನೆ. ನಾನು ಪಕ್ಕದಲ್ಲೇ ತಟ್ಟೆ ಹಿಡಿದು ನಿಂತಿದ್ದೆ.

"ನಮ್ಮಪ್ಪುನ್ ಹೆಸ್ರೂ ಜವರಯ್ಯನೇ ಕಣಪ್ಪ," ಎಂದಿತು ಆ ಅಜ್ಜಿ. "ಅವ್ನೂ ಮಿಲಿಟ್ರಿಗೆ ಅಂತ ಹೋದೋನು ಬರ್ನೇ ಇಲ್ಲ."

"ನಿಮ್ಮ ತಂದೆ ಊರು ಕೆಸರೆಯೇನಮ್ಮ?"

"ಇಲ್ಲ ಕಣಪ್ಪ, ನಾನು ಇಲ್ಲಿಗೆ ಬಂದಿದ್ದು ಮದುವೆಯಾಗಿ."

"ಹಾಗಾದ್ರೆ ಅವರು ಬೇರೆ, ಇವರು ಬೇರೆ. ಜವರಯ್ಯ ಅನ್ನೋ ಹೆಸರು ಈ ಸೀಮೇಲಿ ಮನೆಗೊಂದು ಇದೆ. ಲಾಡು ತಗೊಳ್ಳಿ," ಎಂದರು ಮೂಗಯ್ಯನವರು.

ಅಜ್ಜಿ ಲಾಡು ತೆಗೆದುಕೊಂಡು ಹೋಯಿತು.

ಅದಾಗಿ ಹತ್ತು ದಿನ ಕಳೆದಿರಬೇಕು. ನಡುವಿನ ಹಲಗೆಯನ್ನೂ ಓದಿ ಇನ್ನೊಂದು ಸಭೆ ಮಾಡುವ ಹುರುಪಿನಲ್ಲಿ ಮೂಗಯ್ಯನವರು ನನ್ನಿಂದ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಹಜಾರದ ಗೋಡೆಯಲ್ಲಿ ಬುದ್ಧನ ಪಟದ ಪಕ್ಕ ಅಂಟಿಸಿಕೊಂಡಿದ್ದರು. ಮಧ್ಯಾಹ್ನ ಕಾಫಿಗೆ ನನ್ನನ್ನೂ ಕರೆದಿದ್ದರು. ಚಿಕ್ಕಮಾದಮ್ಮ ಲೋಟ ಕೊಟ್ಟು ಗೋಡೆಯನ್ನೇ ನೋಡುತ್ತಾ ನಿಂತರು. ಅವರಿಗೆ ಓದು ಬರಹ ಬಾರದು.

"ಈ ಕಡೆ ಹಲಗೇಲಿ ಒಂದು ಅಕ್ಸರ ಅದಲ್ಲ, ಕವಣೆ ಇದ್ದಂಗೆ, ಏನದು?" ಎಂದು ಕೇಳಿದರು.

"ಅದು ವಿ. ರೇವಣಸಿದ್ದ ಅನ್ನೋದ್ರಲ್ಲಿ ಬರೋ ವಿ," ಎಂದರು ಗಂಡ, ತಿರುಗಿಯೂ ನೋಡದೆ.

"ಆ ಕಡೆ ಹಲಗೇಲಿ ಕೆಳಗಿರೋದು?"

"ಅದೂ ವಿ."

"ಅದೆಂಗೆ? ಇದುಕ್ಕೆ ಬರೀ ಎರಡು ಕೊಂಬೆ. ಅದುಕ್ಕೆ ಕೆಳಗೆ ಹಿಡಿನೂ ಅದೆ. ಕಾಲು ಇರೋದೂ ಕಾಲು ಇಲ್ದಿರೋದೂ ಒಂದೇಯ?"

ಮೂಗಯ್ಯನವರು ಎದ್ದರು. ಕನ್ನಡಿ ಹಿಡಿದು ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋದರು. ಬಹಳ ಹೊತ್ತು ಅಲ್ಲೇ ನಿಂತರು. ಕಾಫಿ ಆರಿತು. ನಾನೂ ಹೋಗಿ ನೋಡಿದೆ. ಅದು ವಿ ಆಗಿರಲಿಲ್ಲ, ವೈ. ಮುಂದಿನದು ಐ ಅಲ್ಲ, ಅಡ್ಡಗೆರೆ ಅಳಿಸಿದ ಇ. ವೈ, ಇ, ಎಲ್. ಯಳಂದೂರು. ವಿಲೇಜು ಎಂದು ತಿಳಿದದ್ದು ಅಂಚೆಯ ಊರಿನ ಗುರುತು.

"ಯಳಂದೂರು ಅಂಚೆ," ಎಂದರು ಮೆಲ್ಲಗೆ. "ಹಾಗಾದ್ರೆ ನೆರಳಲ್ಲಿ ಇರೋದು ಒಂದಕ್ಷರ ಅಲ್ಲ, ಎರಡು. ಕೆಸ್ತೂರು. ಎಷ್ಟು ಸಾವಿರ ಕಾಗದ ನನ್ನ ಕೈಯಾರೆ ಆ ಊರಿಗೆ ಹಾಕಿದೀನಿ, ಮನೋಹರ."

ಕೆಸ್ತೂರು ಎಂದದ್ದೇ ತಡ ಚಿಕ್ಕಮಾದಮ್ಮ ಗಂಡನ ಮುಖ ನೋಡಿದರು. "ನಾಲ್ಕನೇ ಬೀದಿ ಮಂಗಳಮ್ಮನ ತವರು ಕೆಸ್ತೂರಲ್ವಾ? ಹಬ್ಬಕ್ಕೆ ಅಲ್ಲಿಂದ್ಲೇ ತಾನೆ ಅವಳ ತಮ್ಮನ ಮಕ್ಕಳು ಬರೋದು?"

ಮೂಗಯ್ಯನವರು ಕುರ್ಚಿಯಲ್ಲಿ ಕುಳಿತುಬಿಟ್ಟರು. ಲಾಡು ಕೊಟ್ಟು ಕಳಿಸಿದ್ದು ಅವರಿಗೂ ನೆನಪಾಗಿತ್ತು, ನನಗೂ. ಆ ಹೊತ್ತಿನಲ್ಲಿ ಅವರನ್ನು ರೇಗಿಸಲು ನನಗೆ ಮನಸ್ಸಾಗಲಿಲ್ಲ. ಅವತ್ತು ಅವರು ಊಟ ಮಾಡಲಿಲ್ಲ ಎಂದು ಆಮೇಲೆ ಚಿಕ್ಕಮಾದಮ್ಮ ಹೇಳಿದರು.

ಮರುದಿನ ಬೆಳಿಗ್ಗೆ ಜೊತೆಗೆ ಬಾ ಎಂದು ಕರೆದರು. ನಾಲ್ಕು ಬೀದಿ ದಾಟಲು ಅರ್ಧ ಗಂಟೆ ಹಿಡಿಯಿತು. ದಾರಿಯಲ್ಲಿದ್ದ ಬೋರ್ಡುಗಳಲ್ಲಿ ಒಂದರ ತಪ್ಪನ್ನೂ ಅವರು ತೋರಿಸಲಿಲ್ಲ. ನನಗೆ ದಿಗಿಲಾಯಿತು.

ಮಂಗಳಮ್ಮ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿತ್ತು. ಸಂಜಯ್ ಆಟೋ ಒರೆಸುತ್ತಿದ್ದ.

"ಅಕ್ಕಾ," ಎಂದರು ಮೂಗಯ್ಯನವರು. "ಅವತ್ತು ನೀವು ಹೇಳಿದ್ದನ್ನ ನಾನು ಕೇಳಿಸಿಕೊಳ್ಳಲಿಲ್ಲ. ತಪ್ಪಾಯ್ತು. ನಿಮ್ಮ ತಂದೆಯವರದು ಏನಾದರೂ ಕಾಗದ ಪತ್ರ ಇದೆಯಾ?"

ಅಜ್ಜಿ ಸಂಜಯನ ಕಡೆ ನೋಡಿ, "ಅಟ್ಟದ್ ಮ್ಯಾಲೆ ಅವ್ವನ ತಗಡಿನ ಡಬ್ಬ ಅದೆ, ಇಳಿಸು," ಎಂದಿತು.

ಡಬ್ಬದಲ್ಲಿ ಒಂದೇ ಒಂದು ಕಾಗದ ಇತ್ತು. ನಾಲ್ಕು ಮಡಿಕೆಯಲ್ಲಿ ಹರಿದಿತ್ತು. ಯಾರೋ ಬರೆದುಕೊಟ್ಟ ಕನ್ನಡ, ಕೆಳಗೆ ಹೆಬ್ಬೆಟ್ಟು, ಮೇಲೆ ಕಳಿಸಿದವನ ಹೆಸರು ಮತ್ತು ಐದಂಕಿಯ ನಂಬರು. ಕೊನೆಯ ಮೂರು, ನಾಲ್ಕು ಒಂದು ಏಳು. ಮೂಗಯ್ಯನವರು ಒಂದು ಸಲ ಬರಿಗಣ್ಣಲ್ಲಿ, ಒಂದು ಸಲ ಕನ್ನಡಿಯಲ್ಲಿ ನೋಡಿದರು. ನನಗೂ ತೋರಿಸಿದರು, ಸಂಜಯನಿಗೂ ತೋರಿಸಿದರು. ಆಮೇಲೆ ಗಟ್ಟಿಯಾಗಿ ಓದಿದರು. ಎಮ್ಮೆ ಮಾರಬೇಡ. ಕರುವಿಗೆ ಹಾಲು ಬಿಡು. ಹೆಣ್ಣು ಮಗು ಹುಟ್ಟಿದ ಸುದ್ದಿ ತಲುಪಿತು. ರಸ್ತೆ ಮುಗಿದ ಮೇಲೆ ರಜಾ ಕೊಡುತ್ತಾರಂತೆ. ಎಮ್ಮೆ ಮಾರಬೇಡ.

"ಅವ್ವ ಮಾರ್ಬುಟ್ಲು," ಎಂದಿತು ಅಜ್ಜಿ. "ಅವನ ಮ್ಯಾಲಿನ ಸಿಟ್ಗೇ ಮಾರುದ್ಲು. ರಂಗೂನಲ್ಲಿ ಇನ್ನೊಬ್ಳನ್ನ ಕಟ್ಕೊಂಡವ್ನೆ ಅಂತ ಊರೋರೆಲ್ಲ ಅಂದ್ರು. ಆಮೇಕೆ ಅವ್ಳು ಕೂಡಾವಳಿ ಮಾಡ್ಕಂಡು ಇನ್ನೊಬ್ಬುನ್ ಜೊತೆ ಬಾಳಿ ನನ್ನ ತಮ್ಮನ್ನ ಹೆತ್ಲು. ಆದ್ರೂ ಸಾಯೋಗಂಟ ಬೈತಾನೇ ಇದ್ಲು. ಹಬ್ಬ ಬಂದ್ರೆ ಬೈಗುಳ, ಮಳೆ ಬಂದ್ರೆ ಬೈಗುಳ. ಪಾಪ, ಮಣ್ಣಾಗಿ ಮಲಗಿದ್ದೋನ್ನ."

ಹೇಳುತ್ತಾ ಹೇಳುತ್ತಾ ಅಜ್ಜಿಗೆ ನಗು ಬಂತು. ನಗುತ್ತಲೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿತು. ಸಂಜಯ್ ಬಂದು ಬೆನ್ನ ಮೇಲೆ ಕೈಯಿಟ್ಟ. ಸಾವಿನ ಸುದ್ದಿ ಆ ಮನೆಗೆ ಯಾಕೆ ಮುಟ್ಟಲಿಲ್ಲ ಎಂಬುದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಮೂಗಯ್ಯನವರಿಗೆ ಅದೊಂದು ಕೊರಗು. ಕಾಗದವೊಂದು ತಲುಪಲಿಲ್ಲ ಎಂದರೆ ತಮ್ಮ ಕೈಯಲ್ಲೇ ತಪ್ಪಿತು ಎನ್ನುವ ಹಾಗೆ ಮುಖ ಮಾಡುತ್ತಾರೆ, ಆಗ ಅವರು ಹುಟ್ಟಿಯೂ ಇರಲಿಲ್ಲ.

ಅಜ್ಜಿ ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದ್ದು ಒಂದೇ ಮಾತು. "ಇದು ಯಾವ ಮರ?"

ಮೂಗಯ್ಯನವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದರು.

"ಇರ್ಲಿ ಬುಡು, ನೆರಳದೆ," ಎಂದಿತು ಅಜ್ಜಿ.

ಮಾಲವಿಕಾ ಆ ವಾರವೇ ಬಂದು ಮೂಲ ಫೋಟೋವನ್ನು ಅಜ್ಜಿಯ ಕೈಗೇ ಕೊಟ್ಟು, ತಾವು ಪ್ರತಿ ಇಟ್ಟುಕೊಂಡರು. ಮೂಗಯ್ಯನವರು ನನ್ನ ಅಂಗಡಿಗೆ ಬಂದು ಹಳೆಯ ಫ್ಲೆಕ್ಸ್ ಇಳಿಸು, ಹೊಸದು ಮಾಡು ಎಂದರು. 'ಕೆಸ್ತೂರಿನ ಜವರಯ್ಯ, ನಮ್ಮ ಮಂಗಳಮ್ಮನವರ ತಂದೆ. ಮೊದಲು ತಪ್ಪಾಗಿ ಓದಿದ್ದಕ್ಕೆ ಕ್ಷಮೆ ಇರಲಿ.' ನಿಮ್ಮ ಫೋಟೋ ಹಾಕಲೇ ಎಂದು ಕೇಳಿದೆ. ಬಹಳ ಯೋಚಿಸಿದರು. "ಬೇಡ. ಹೆಸರು ಸಾಕು," ಎಂದು ಹೊರಟವರು ಬಾಗಿಲಿಂದ ತಿರುಗಿ, "ಓದೋ ಅಷ್ಟು ದೊಡ್ಡದಾಗಿರಲಿ," ಎಂದರು. ಚಿಕ್ಕಮಾದಮ್ಮನವರ ಹೆಸರನ್ನೂ ಹಾಕೋಣ ಎಂದೆ. ಅದಕ್ಕೆ ಅವರು ಒಪ್ಪಿದರು, ಹೆಂಡತಿ ಒಪ್ಪಲಿಲ್ಲ. ನನ್ನ ಹೆಸರು ಬೀದೀಲಿ ನೇತಾಡೋದು ಬೇಡ ಎಂದುಬಿಟ್ಟರು.

ಮಾರ್ಲಮಿ ಅಮಾವಾಸ್ಯೆಗೆ ಮಂಗಳಮ್ಮ ಜೀವಮಾನದಲ್ಲಿ ಮೊದಲ ಸಲ ಅಪ್ಪನಿಗೆ ಎಡೆ ಇಟ್ಟಿತು. ನಮ್ಮನ್ನೆಲ್ಲ ಊಟಕ್ಕೆ ಕರೆದಿತ್ತು. ಸತ್ತವರಿಗೆ ಇಷ್ಟವಾದದ್ದನ್ನು ಎಡೆಗೆ ಇಡುವುದು ನಮ್ಮಲ್ಲಿ ರೂಢಿ. ಜವರಯ್ಯನಿಗೆ ಏನು ಇಷ್ಟ ಎಂದು ಹೇಳಲು ಯಾರೂ ಉಳಿದಿರಲಿಲ್ಲ. ಹಾಗಾಗಿ ಅಜ್ಜಿ ಎಲ್ಲವನ್ನೂ ಮಾಡಿಸಿತ್ತು. ಮುದ್ದೆ, ಬಾಡಿನ ಸಾರು, ಒಬ್ಬಟ್ಟು, ಚಕ್ಕುಲಿ, ಕಜ್ಜಾಯ, ಎಲೆ ಅಡಿಕೆ, ಒಂದು ಕಟ್ಟು ಬೀಡಿ. ಬೀಡಿ ಸೇದುತ್ತಿದ್ದನೋ ಇಲ್ಲವೋ ಎಂದು ಸಂಜಯ್ ಕೇಳಿದ. "ಸೇದ್ದೇ ಇದ್ರೆ ಪಕ್ಕದೋನಿಗೆ ಕೊಡ್ತಾನೆ," ಎಂದಿತು ಅಜ್ಜಿ.

ಪಕ್ಕದವನ ಮಾತು ಬಂದದ್ದೇ ಮೂಗಯ್ಯನವರಿಗೆ ಸಾಕಾಯಿತು. ನಡುವಿನ ಹಲಗೆಯಲ್ಲಿ ಒಂದು ಅಕ್ಷರ ಕಂಡಿದೆ, ಅದು ಬಿ ಇರಬಹುದು, ಆದರೆ ಈ ಸಲ ಆತುರ ಮಾಡುವುದಿಲ್ಲ, ಎಂಟು ಎಂದೂ ಓದಬಹುದು ಎಂದು ಶುರುಮಾಡಿದರು. ಅವರ ಎಲೆಯಲ್ಲಿ ಮುದ್ದೆ ಆರುತ್ತಿತ್ತು.

"ಮೊದ್ಲು ಉಂಡ್ಕೊ ತಮ್ಮಾ," ಎಂದು ಮಂಗಳಮ್ಮ ಇನ್ನೊಂದು ಸೌಟು ಸಾರು ಬಿಟ್ಟಿತು.