ಮೂರನೇ ಡಿಕಾಕ್ಷನ್

ನಮ್ಮ ಯಜಮಾನರ ಮೇಲೆ ಅವತ್ತು ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಎಪ್ಪತ್ತರ ದಶಕ, ಹ್ಯೂಸ್ಟನ್. ಅವರು ಇಂಜಿನಿಯರು. ಮನೆಖರ್ಚಿಗೆ ಅವರು ಕೈಗೆ ಹಾಕಿದ್ದರಲ್ಲೇ ನಾನು ಎಲ್ಲ ತೂಗಿಸಬೇಕು. ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ತೋಟಗಳು ಸುಟ್ಟುಹೋದವು ಅಂತ ಟೀವಿಯಲ್ಲಿ ಬಂತು ನೋಡಿ, ಆಮೇಲೆ ಕಾಫಿ ಡಬ್ಬಕ್ಕೆ ಹೋದ ಸಲದ ಬೆಲೆ ಈ ಸಲ ಇಲ್ಲ.

ಜಾಸ್ತಿ ದುಡ್ಡು ಕೇಳಿದರೆ ಉಪದೇಶ. ಒಂದು ಏರಿದರೆ ಇನ್ನೊಂದು ಇಳಿಯುತ್ತೆ, ಸರಾಸರಿ ನೋಡಬೇಕಂತೆ. ಇಳಿದದ್ದಾದರೂ ಏನು? ಕ್ಯಾಲ್ಕುಲೇಟರ್! ಅರ್ಧ ಬೆಲೆಗೆ ಸಿಕ್ಕಿತು ಅಂತ ಇದ್ದದ್ದರ ಜೊತೆಗೆ ಇನ್ನೊಂದು ತಂದು, ಜೇಬಲ್ಲಿಟ್ಟುಕೊಂಡು ಮೆರೆದರು. ಅದನ್ನೇನು ಫಿಲ್ಟರಿಗೆ ಹಾಕಿ ಬಿಸಿನೀರು ಹುಯ್ಯಲೇ? ಕಾರ್ಖಾನೆ ವರ್ಷದಿಂದ ವರ್ಷಕ್ಕೆ ಚುರುಕಾಗುತ್ತೆ, ಅದರ ಸಾಮಾನು ಅಗ್ಗವಾಗುತ್ತೆ, ಒಪ್ಪಿದೆ. ಕಾಫಿ ಗಿಡ ಚುರುಕಾಗುತ್ತಾ? ಸುಟ್ಟ ತೋಟ ಮತ್ತೆ ಫಸಲಿಗೆ ಬರೋಕೆ ವರ್ಷಗಳೇ ಹಿಡಿಯುತ್ತೆ. ಇಳಿದದ್ದೆಲ್ಲ ಅವರ ಜೇಬಿನ ಸಾಮಾನು, ಏರಿದ್ದೆಲ್ಲ ನನ್ನ ಅಡುಗೆಮನೆಯದು.

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲನೇ ಡಿಕಾಕ್ಷನ್ನೇ ಕೊಡಬೇಕು. ಅದೇ ಪುಡಿಗೆ ಮತ್ತೆ ನೀರು ಹುಯ್ದರೆ ಎರಡನೇದು. ಭಾನುವಾರ ಬಂತೆಂದರೆ, ಊರಿಂದ ಓದೋಕೆ ಬಂದ ಕನ್ನಡದ ಹುಡುಗರೆಲ್ಲ ನಮ್ಮ ಮನೆಯಲ್ಲೇ. ಅವರಿಗೂ ಯಜಮಾನರಿಗೂ ಮೊದಲನೇದು. ಎರಡನೇದನ್ನ ಯಜಮಾನರ ಸಂಜೆ ಕಾಫಿಗೆ ಎತ್ತಿಡುತ್ತಿದ್ದೆ. ನನಗೆ ಮೂರನೇದೇ ಗತಿ, ಕಂದು ಬಣ್ಣದ ಬಿಸಿನೀರು. ಕಾಫಿ ಇಲ್ಲದೆ ಬೆಳಗೇ ಆಗದ ಮನೆಯಲ್ಲಿ ಹುಟ್ಟಿದವಳು ನಾನು. ಆ ನೀರು ಕುಡಿಯುವಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು.

ಒಂದು ಭಾನುವಾರ ಯಜಮಾನರು ಹುಡುಗರ ಮುಂದೆ ಕ್ಯಾಲ್ಕುಲೇಟರ್ ಒತ್ತಿ ಒತ್ತಿ ತೋರಿಸುತ್ತಾ, ಬೆಲೆ ಏರಿತು ಅಂತ ಗೋಳಾಡೋದು ಹೆಂಗಸರಿಗೆ ಅಭ್ಯಾಸ, ಲೆಕ್ಕ ಹಾಕಿದರೆ ಅಂಥಾದ್ದೇನೂ ಏರಿಲ್ಲ ಅಂದರು. ಹುಡುಗರು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಒಳಗೆ ಹೋಗಿ ಕಾಫಿ ಬೆರೆಸಿ ತಂದೆ. ಹುಡುಗರಿಗೆಲ್ಲ ಮೊದಲನೇದು. ಯಜಮಾನರ ಲೋಟಕ್ಕೆ ನನ್ನ ಮೂರನೇದು. ಒಂದು ಗುಟುಕು ಕುಡಿದವರೇ ಮುಖ ಕಿವುಚಿದರು.

"ಏನೇ ಇದು?"

"ನಾನು ದಿನಾ ಕುಡಿಯೋದು. ಏನೂ ಏರಿಲ್ಲ ಅಂದಿರಲ್ಲ, ಕುಡೀರಿ."

ಯಜಮಾನರ ಪಾಲಿನ ಮೊದಲನೇ ಡಿಕಾಕ್ಷನ್ ಒಳಗೆ ಹಾಗೇ ಉಳಿದಿತ್ತು. ಅದಕ್ಕೆ ಬಿಸಿ ಹಾಲು ಬೆರೆಸಿ ತಂದು, ಅವರೆದುರಿಗೇ ಕುರ್ಚಿ ಎಳೆದುಕೊಂಡು ಕೂತು, ಕೊನೇ ಗುಟುಕಿನವರೆಗೂ ನಾನೇ ಕುಡಿದೆ.